ಹಂತೇಕ ಬಂದು ಹೇಳಿದ ಮಾತು

ನನ್ನಂಥ ಕಾಯಿಲೆ ಬಂದವರು ಇದನ್ನು ಓದಿ ಒಂದಿಷ್ಟು ಸಮಾಧಾನ ಪಡಲಿ ಎಂದು ಬರೆಯುತ್ತಿದ್ದೇನೆ. ಒಬ್ಬರು ಮಾತ್ರ ಓದಿ ಇದ್ದ ಸಮಾಧಾನವನ್ನೂ ಕಳೆದುಕೊಳ್ಳಲಿ ಎಂದೂ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ನಮ್ಮ ಕ್ರೈಸ್ತ ಸಭೆಯಲ್ಲಿ ಎಲ್ಲರೂ ಅವರನ್ನು ಹಿರಿಯರು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಓದಿದರೆ ಅವರಿಗೆ ತಿಳಿಯುತ್ತದೆ. ಕನ್ನಡ ಅವರಿಗೆ ಬಹಳ ಚೆನ್ನಾಗಿ ಬರುತ್ತದೆ. ತೊಂದರೆ ಶುರುವಾದದ್ದೇ ಅಲ್ಲಿಂದ.

ಕಾಯಿಲೆ ಶುರುವಾದದ್ದು ಎಪ್ಪತ್ತೊಂದರ ಯುದ್ಧದ ಚಳಿಗಾಲದಲ್ಲಿ. ಮುಂಬಯಿಯ ಪರೇಲಿನಲ್ಲಿ, ಖೋಲಿಗೊಂದು ಸಂಸಾರವಿದ್ದ ನಮ್ಮ ಚಾಳಿನ ಕಟ್ಟಡದಲ್ಲಿ, ಎಲ್ಲರೂ ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದೆವು. ಸೈರನ್ ಕೂಗಿದಾಗ ಎಲ್ಲರ ಎದೆಯೂ ಹೊಡೆದುಕೊಳ್ಳುತ್ತಿತ್ತು, ನನ್ನದೂ ಹೊಡೆದುಕೊಳ್ಳುತ್ತಿತ್ತು. ಯುದ್ಧ ಮುಗಿಯಿತು. ಕಾಗದ ಕಿತ್ತು ಒಲೆಗೆ ಹಾಕಿದೆವು. ಉಳಿದವರ ಎದೆ ತೆಪ್ಪಗಾಯಿತು. ನನ್ನದು ಆಗಲಿಲ್ಲ.

ಆಗ ನನಗೆ ಇಪ್ಪತ್ತಾರು. ಫೋರ್ಟ್‌ನ ಒಂದು ಹಡಗು ಕಂಪನಿಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಅಪ್ಪ ಬೆಟಗೇರಿಯ ನೇಕಾರ. ಮಿಲ್ಲಿನ ಮಗ್ಗದ ಖಾತೆಗೆ ಸೇರಲು ನಾನು ಹುಟ್ಟುವ ಮೊದಲೇ ಮುಂಬಯಿಗೆ ಬಂದವನು. ಅಪ್ಪನಿಗೆ ಸಹಿ ಹಾಕಲು ಬರುತ್ತಿತ್ತು, ಅವ್ವನಿಗೆ ಅದೂ ಇಲ್ಲ. ನಾನು ಬೆಳಗಿನ ಕಾಲೇಜಿಗೆ ಹೋಗಿ, ಮಧ್ಯಾಹ್ನ ಕೆಲಸ ಮಾಡಿ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಓದಿ ಬಿ.ಎ. ಮುಗಿಸಿದವಳು. ನಮ್ಮ ಮನೆತನದಲ್ಲಿ ಮೊದಲನೆಯವಳು, ಗಂಡಸರನ್ನೂ ಸೇರಿಸಿ. ಬಾಡಿಗೆಯ ಕರಿ ಗೌನು ತೊಟ್ಟು ತೆಗೆಸಿದ ಫೋಟೋವನ್ನು ಅಪ್ಪ ಯೇಸುವಿನ ಪಟದ ಪಕ್ಕದಲ್ಲೇ ತೂಗುಹಾಕಿದ್ದ. ಮನೆಗೆ ಬಂದವರಿಗೆ ಎರಡರಲ್ಲಿ ಯಾವುದನ್ನು ಮೊದಲು ತೋರಿಸುತ್ತಿದ್ದ ಎಂದು ಹೇಳಬೇಕಾಗಿಲ್ಲ.

ಮೊದಲು ಬೆರಳು ನಡುಗತೊಡಗಿದವು. ಟೈಪ್ ಮಾಡಿದ ಪತ್ರಗಳಲ್ಲಿ ಒಂದು ಅಕ್ಷರ ಬೀಳಬೇಕಾದಲ್ಲಿ ಎರಡೆರಡು ಬೀಳುತ್ತಿದ್ದವು. ಆಮೇಲೆ ಬೆವರು, ಫೆಬ್ರುವರಿಯಲ್ಲೇ. ಎರಡಾಳಿನ ಊಟ ಉಂಡರೂ ರವಿಕೆಗಳು ಜೋಲತೊಡಗಿದವು. ಎಲ್ಲಕ್ಕಿಂತ ಕೆಟ್ಟದ್ದು ಹೆದರಿಕೆ. ಯಾವುದರ ಹೆದರಿಕೆ ಎಂದು ಕೇಳಿದರೆ ಉತ್ತರವಿಲ್ಲ. ದಾದರ್ ಸ್ಟೇಷನ್ನಿನ ಮೇಲುಸೇತುವೆ ಹತ್ತಿದರೆ ಅದು ಕುಸಿಯುತ್ತದೆ ಅನಿಸುವುದು. ಅಪ್ಪ ಪಾಳಿ ಮುಗಿಸಿ ಹತ್ತು ನಿಮಿಷ ತಡವಾಗಿ ಬಂದರೆ ಹೆಣವಾಗಿ ಬರುತ್ತಾನೆ ಅನಿಸುವುದು. ಹೀಗೆ ಅನಿಸುವುದೆಲ್ಲ ನನ್ನ ತಲೆಯೊಳಗೆ, ಪಾದ್ರಿಗಳು ಬೈಬಲ್ಲು ಓದುವ ಪ್ರಸಂಗಪೀಠದ ಹಳೆಯ ಕನ್ನಡದಲ್ಲಿ ಕೇಳಿಸುತ್ತಿತ್ತು. ‘ನಿನ್ನ ತಂದೆಯು ಈ ಹೊತ್ತು ತೀರಿಹೋಗುವನು’ ಎಂದು. ಓದುಗರಿಗೆ ನಗು ಬರಬಹುದು. ನನಗೆ ಬರಲಿಲ್ಲ. ಚಿಕ್ಕಂದಿನಿಂದ ಆ ಕನ್ನಡದಲ್ಲೇ ದೇವರು ಮಾತಾಡುವುದನ್ನು ಕೇಳಿ ಬೆಳೆದವಳು ನಾನು. ದೇವರು ‘ಐತಿ’ ಅನ್ನುವುದನ್ನು ಯಾರಾದರೂ ಕೇಳಿದ್ದೀರಾ?

ನಮ್ಮ ಮನೆಯಲ್ಲಿ ವಾಗ್ದಾನದ ಡಬ್ಬಿ ಎಂದು ಒಂದಿತ್ತು. ಸಣ್ಣ ಸಣ್ಣ ಚೀಟಿಗಳ ಮೇಲೆ ದೇವರ ಒಂದೊಂದು ವಾಗ್ದಾನ ಬರೆದು ಸುರುಳಿ ಸುತ್ತಿ ತುಂಬಿಟ್ಟ ಡಬ್ಬಿ. ಹೊಸ ವರ್ಷದ ಮುಂಜಾನೆ ಮನೆಯವರೆಲ್ಲ ಪ್ರಾರ್ಥನೆ ಮಾಡಿ ಒಂದೊಂದು ಚೀಟಿ ಎತ್ತುವುದು, ಆ ವರ್ಷಕ್ಕೆ ಅದೇ ದೇವರ ಮಾತು ಎಂದು ನಂಬುವುದು ಪದ್ಧತಿ. ನಾನು ದಿನಕ್ಕೆ ಹತ್ತು ಸಲ ಎತ್ತತೊಡಗಿದೆ. ಬಂದ ಚೀಟಿ ಸಮಾಧಾನದ್ದಾದರೆ ನಂಬಿಕೆ ಬರುತ್ತಿರಲಿಲ್ಲ, ಮತ್ತೊಂದು ಎತ್ತುತ್ತಿದ್ದೆ. ಎಚ್ಚರಿಕೆಯದಾದರೆ ತಕ್ಷಣ ನಂಬುತ್ತಿದ್ದೆ.

ಅಪ್ಪ ನೋಡಿ ನೋಡಿ ಒಂದು ದಿನ ಅಂದ: “ಸಾಕ್ ಮಾಡ ಯವ್ವಾ. ಚೀಟಿ ಸವದು ಅಕ್ಷರಾನ ಅಳಸಿ ಹೋಗ್ಯಾವು. ದೇವರಿಗೂ ಒಂದೀಟು ಉಸಿರಾಡಾಕ ಬಿಡು.”

ಅವ್ವ ಹಿರಿಯರನ್ನು ಕರೆಸಿದಳು.

ಹಿರಿಯರು ಧಾರವಾಡದ ಕಡೆಯವರು, ವಿಲೆ ಪಾರ್ಲೆಯಲ್ಲಿ ಸ್ವಂತ ಫ್ಲ್ಯಾಟು, ಯಾವುದೋ ಸರಕಾರಿ ಕಚೇರಿಯಲ್ಲಿ ದೊಡ್ಡ ಗುಮಾಸ್ತರು. ಮಾಟುಂಗದ ಒಂದು ಶಾಲೆಯ ಹಾಲಿನಲ್ಲಿ ಭಾನುವಾರ ಸಂಜೆ ಸೇರುತ್ತಿದ್ದ ನಮ್ಮ ಕನ್ನಡ ಸಭೆಗೆ ಪಾದ್ರಿಗಳು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳು ಹಿರಿಯರವು. ಅವರಿಗೆ ದೇವರ ಶಬ್ದ ಕೇಳಿಸುತ್ತದೆ ಎಂಬುದು ಪ್ರಸಿದ್ಧಿ.

ನಮ್ಮ ಖೋಲಿಯ ಒಂದೇ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಹೆಸರು ಶಾಂತಾ. ಒಳಗ ನೋಡಿದ್ರ ಬರೇ ಗದ್ದಲ!” ಎಂದು ನಕ್ಕರು. ಅವ್ವನೂ ನಕ್ಕಳು, ನಗಬೇಕೇನೋ ಎಂದುಕೊಂಡು.

ಆಮೇಲೆ ಕಣ್ಣು ಮುಚ್ಚಿದರು. ತೆರೆದಾಗ ಅವರ ಕಣ್ಣು ಗೋಡೆಯ ಮೇಲಿತ್ತು. “ಈ ಮನಿಯೊಳಗ ಒಂದು ಗರ್ವ ಅದ. ದೇವರು ನನಗ ತೋರಿಸಿಕೊಟ್ಟಾನ. ತಂದೆ ಮಗ್ಗ ನಡಸ್ತಾನ, ಮಗಳು ಗೌನ್ ಹಾಕ್ಕೊಂಡು ಯೇಸುಸ್ವಾಮಿ ಬಾಜೂಕ ನಿಂತಾಳ. ಆ ಫೋಟೋ ಇಳಸ್ರಿ. ಹೆದರಿಕಿ ತಾನಾಗೇ ಇಳೀತದ.”

ಅಪ್ಪ ಸ್ಟೂಲು ಹತ್ತಿ ಫೋಟೋ ಇಳಿಸಿದ. ಧೂಳು ಒರೆಸಿ ಟ್ರಂಕಿನ ಹಿಂದೆ ಇಟ್ಟ. ಇಳಿಸುವ ಫೋಟೋವನ್ನೂ ಅಂಗಿಯ ತೋಳಿನಿಂದ ಒರೆಸಿಯೇ ಇಟ್ಟ ಅಪ್ಪನ ಆ ಕೈಯನ್ನು ನಾನು ಮರೆತಿಲ್ಲ. ಹಿರಿಯರು ಎರಡನೇ ಕಪ್ ಚಹಾ ಕೇಳಿದ್ದನ್ನೂ ಮರೆತಿಲ್ಲ.

ಹೆದರಿಕೆ ಇಳಿಯಲಿಲ್ಲ. ಏಪ್ರಿಲ್ ಹೊತ್ತಿಗೆ, ನಾವೆಲ್ಲ ಮಾವಶಿ, ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಖೋಲಿಯ ಮರಾಠಿ ಹೆಂಗಸು, ನಲ್ಲಿಯಲ್ಲಿ ನೀರು ಹಿಡಿಯುವಾಗ ನನ್ನ ಗದ್ದ ಎತ್ತಿ ನೋಡಿ, “ಅಗೋ, ಗಳಾ ಕೇವಢಾ ಸುಜಲಾಯ!” ಎಂದು ಕೂಗಿಕೊಂಡಳು. ಗಂಟಲು ಊದಿದ್ದು ನಮ್ಮ ಮನೆಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾವೆಲ್ಲ ನನ್ನ ಆತ್ಮವನ್ನೇ ನೋಡುತ್ತಿದ್ದೆವಲ್ಲ. ಮರುದಿನ ಮಾವಶಿ ಕೈ ಹಿಡಿದು ಎಳೆದುಕೊಂಡೇ ಹತ್ತಿರದ ದೊಡ್ಡ ದವಾಖಾನೆಗೆ ಕರೆದೊಯ್ದಳು.

ಆ ಬೆಂಚು ಗೊತ್ತಿದ್ದವರಿಗೆ ಗೊತ್ತು. ಕಾಗದದ ಚೂರಿನ ಮೇಲೆ ನಂಬರು. ಒಳಗಿನಿಂದ ವಾರ್ಡ್‌ಬಾಯ್ ಒದರುವ ಹೆಸರು ಎಂದೂ ನಮ್ಮದಾಗಿರುವುದಿಲ್ಲ. ನನ್ನ ಮೊಣಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು, ಬೆಂಚೆಲ್ಲ ನಡುಗುತ್ತಿತ್ತು. ಆಚೆ ಕೂತಿದ್ದ ಮೀನುಗಾರ ಕೋಳಿ ಜಾತಿಯ ಹೆಂಗಸೊಬ್ಬಳು, ಮೈಯೆಲ್ಲ ಮೀನಿನ ವಾಸನೆ, ತನ್ನ ದಪ್ಪ ಕೈಯನ್ನು ನನ್ನ ಮೊಣಕಾಲ ಮೇಲೆ ಇಟ್ಟಳು. ತನ್ನ ಹೆಸರು ಕೂಗುವವರೆಗೂ ತೆಗೆಯಲಿಲ್ಲ. ನನಗೆ ಯಾವ ಪಾಪವಿದೆ ಎಂದು ಅವಳು ಕೇಳಲಿಲ್ಲ.

ಡಾಕ್ಟರು ಮರಾಠಿ ಹೆಂಗಸು, ಕೂದಲು ಅರ್ಧ ಬೆಳ್ಳಗೆ. ಎರಡೂ ಕೈ ಮುಂದೆ ಚಾಚು ಎಂದರು. ಚಾಚಿದ ಬೆರಳುಗಳ ಮೇಲೆ ಒಂದು ಖಾಲಿ ಹಾಳೆ ಇಟ್ಟರು. ಹಾಳೆ ಪಟಪಟ ಹೊಡೆದುಕೊಳ್ಳತೊಡಗಿತು, ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ.

“ಭೀತಿ ವಾಟತೇ?” ಎಂದರು. ಹೆದರಿಕೆ ಆಗುತ್ತದೆಯೇ?

ಇಷ್ಟು ತಿಂಗಳಲ್ಲಿ ಯಾರೂ ಅದನ್ನು ಜ್ವರ ಬರುತ್ತದೆಯೇ ಎಂದು ಕೇಳಿದ ಹಾಗೆ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ.

“ಹೇ ಮನಾಚಂ ನಾಹೀ, ಗಳ್ಯಾಚಂ ಆಹೇ,” ಎಂದರು ಡಾಕ್ಟರು. ಇದು ಮನಸ್ಸಿನದಲ್ಲ, ಗಂಟಲಿನದು. ಥೈರಾಯ್ಡ್ ಎಂಬ ಗ್ರಂಥಿ ಹುಚ್ಚೆದ್ದು ಮೈಯನ್ನೆಲ್ಲ ಓಡಿಸುತ್ತಿದೆ. ಹೆದರಿಕೆಯೂ ಅದರ ಓಟವೇ ಎಂದರು. ನಾನು ಬಿ.ಎ.ಯಲ್ಲಿ ಓದಿದ್ದು ಇತಿಹಾಸ, ಇದಕ್ಕಿಂತ ಹೆಚ್ಚು ವಿವರಿಸಲು ನನಗೆ ಬರುವುದಿಲ್ಲ. ಅಣುಶಕ್ತಿಯವರು ತಯಾರಿಸಿದ್ದಂತೆ, ಒಂದು ಲೋಟ ನೀರಿನಂಥದ್ದು ಕುಡಿಸಿ, ಮರುದಿನ ಕುತ್ತಿಗೆಗೆ ಯಂತ್ರ ಹಿಡಿದು ಪರೀಕ್ಷೆ ಮಾಡಿದರು. ಗುಳಿಗೆ ಕೊಟ್ಟರು. ದಿನಕ್ಕೆ ಮೂರು ಹೊತ್ತು, ಒಂದು ದಿನವೂ ಬಿಡಬಾರದು.

ಎರಡು ತಿಂಗಳಲ್ಲಿ ಮೈ ನಿಧಾನವಾಯಿತು. ಒಂದು ಬೆಳಿಗ್ಗೆ ಬಸ್ಸು ಬಂತು. ‘ಬಸ್ಸು ಬಂತು’ ಎಂದಷ್ಟೇ ಅನಿಸಿತು. ಅದು ಎಷ್ಟು ದೊಡ್ಡ ಸಂಗತಿ ಎಂದು ಈ ಕಾಯಿಲೆಯವರಿಗೆ ಮಾತ್ರ ಗೊತ್ತು.

ಸುದ್ದಿ ಹಿರಿಯರಿಗೆ ಮುಟ್ಟಿತು. ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ತಡೆದರು. “ಅಣುಬಾಂಬಿನ ನೀರು ಕುಡದೀಯಂತಲ್ಲ? ಬಿ.ಎ. ಆದವರಿಗೆ ದೇವರಿಗಿಂತ ಬಾಂಬಿನ ಮ್ಯಾಲೆ ನಂಬಿಕಿ ಹೆಚ್ಚು, ಏನ್ರೀ?” ಸುತ್ತ ನಿಂತವರು ನಕ್ಕರು.

ಮುಂದಿನ ಭಾನುವಾರ ಪ್ರಾರ್ಥನೆಯ ನಡುವೆ ಅವರ ಧ್ವನಿ ಬದಲಾಯಿತು. ಕಣ್ಣು ಮುಚ್ಚಿ, ಕೈ ಎತ್ತಿ, ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದರು: “ನನ್ನ ಮಗಳೇ, ನೀನು ಔಷಧವನ್ನು ನಂಬಿಕೊಂಡಿಯೋ? ಅದನ್ನು ಬಿಟ್ಟು ನನ್ನ ಕಡೆಗೆ ತಿರುಗಿಕೋ. ಇಲ್ಲವಾದರೆ ಈ ವರುಷವೇ ನಿನಗೆ ಕಡೇ ವರುಷವಾಗುವದು.”

ಆಗುವದು. ಅಚ್ಚುಕಟ್ಟಾದ ಹಳೆಯ ಕನ್ನಡ. ನನ್ನ ತಲೆಯೊಳಗೆ ತಿಂಗಳುಗಟ್ಟಲೆ ಕೇಳಿಸಿದ್ದೂ ಇದೇ ಕನ್ನಡ. ಎರಡೂ ಒಂದೇ ಬಾಯಿಂದ ಬಂದಂತೆ ಕೇಳಿಸಿತು. ಇದು ದೇವರ ಶಬ್ದವಲ್ಲದೆ ಮತ್ತೇನು ಎಂದುಕೊಂಡೆ. ಪದವೀಧರೆ ನಾನು, ವ್ಯಾಕರಣಕ್ಕೆ ಮೋಸಹೋದೆ.

ಅಪ್ಪನ ಮುಖ ನೋಡಿದೆ. ಅಪ್ಪ ಒಂದು ಕಿವಿ ಪೂರ್ತಿ, ಇನ್ನೊಂದು ಅರ್ಧ ಮಗ್ಗದ ಸದ್ದಿಗೆ ಕೊಟ್ಟವನು. ಮಾತು ಕೇಳಿರಲಿಲ್ಲ. ಅವ್ವ ಕಿವಿಯಲ್ಲಿ ಹೇಳಿದ ಮೇಲೆ, “ದೊಡ್ಡವರು ಹೇಳ್ಯಾರಂದ್ರ…” ಎಂದು ಅರ್ಧಕ್ಕೆ ನಿಲ್ಲಿಸಿದ. ಗುಳಿಗೆಯ ಬಾಟಲಿಯನ್ನು ಅವ್ವ ಅಕ್ಕಿಡಬ್ಬಿಯ ಹಿಂದೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಅವಳ ನಂಬಿಕೆಗೂ ಒಂದು ಗಡಿ ಇತ್ತು.

ಮುಂದಿನ ನಲವತ್ತು ದಿನ ಹಿರಿಯರು ಹೇಳಿದಂತೆ ಒಪ್ಪತ್ತು ಉಪವಾಸ. ಆ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ದಿನಾ ಮುಂಜಾನೆ ಚಾಳಿನ ನಲ್ಲಿಗೆ ಕೊಡ ಇಟ್ಟು ನಿಂತಿರುವಾಗ ಮನಸ್ಸಿನೊಳಗೆ ಒಂದು ಮಾತು ಬರುತ್ತಿತ್ತು. ಗದ್ದಲದ ಧ್ವನಿಗಳ ನಡುವೆ ಬೇರೆಯಾಗಿ, ಬಹಳ ಹತ್ತಿರದಿಂದ: ‘ಶಾಂತಾ, ಗುಳಿಗಿ ತಗೊ.’

ಅಷ್ಟೇ. ವಚನವಿಲ್ಲ, ಎಚ್ಚರಿಕೆಯಿಲ್ಲ. ಅಪ್ಪಟ ಬೆಟಗೇರಿ ಮಾತು, ಮನೆಯಲ್ಲಿ ಯಾರೋ ಚಹಾ ತಗೊ ಅಂದ ಹಾಗೆ. ಹೇಳಿ ಸುಮ್ಮನಾಗುತ್ತಿತ್ತು. ಸಭೆಯಲ್ಲಿ ಹೇಳಿಕೊಟ್ಟಿದ್ದ ಹಾಗೆ ನಾನು ಅದನ್ನು ಸೈತಾನನೆಂದು ಗದರಿಸಿ ಓಡಿಸುತ್ತಿದ್ದೆ. ಮರುದಿನ ಕೊಡ ಇಡುವ ಹೊತ್ತಿಗೆ ಅದು ಮತ್ತೆ ಬರುತ್ತಿತ್ತು. ಬೇಸರವಿಲ್ಲದೆ, ಸಿಟ್ಟಿಲ್ಲದೆ. ದೇವರಾದವನು ಇಷ್ಟು ಸಣ್ಣ ಮಾತು, ಅದೂ ‘ಗುಳಿಗಿ’ ಎಂದು ಹೇಳುತ್ತಾನೆಯೇ?

ಆಗಸ್ಟಿನ ಒಂದು ಸಂಜೆ ದಾದರಿನ ಮೇಲುಸೇತುವೆಯ ಮೇಲೆ ಎದೆ ಲಯ ತಪ್ಪಿ ಒದೆಯತೊಡಗಿತು. ಸೇತುವೆ ಕುಸಿಯಲಿಲ್ಲ, ನಾನು ಕುಸಿದೆ. ಕಣ್ಣು ಬಿಟ್ಟಾಗ ಅದೇ ದವಾಖಾನೆ, ಅದೇ ಡಾಕ್ಟರು. ಮೈ ಕೆಂಡ. ಗುಳಿಗೆ ಬಿಟ್ಟಿದ್ದು ತಿಳಿದು ಅವರ ಮುಖ ಕೆಂಪಾಯಿತು.

“ಕೋಣೀ ಸಾಂಗಿತಲಂ?” ಯಾರು ಹೇಳಿದರು ಬಿಡಲು?

“ದೇವಾನೇ,” ಎಂದೆ. ದೇವರು.

“ಮಗ ತ್ಯಾಲಾ ಇಥಂ ಬೋಲವ,” ಎಂದರು. ಹಾಗಾದರೆ ಅವನನ್ನು ಇಲ್ಲಿಗೆ ಕರೆಸು. “ಮೀ ಬೋಲ್ತೇ ತ್ಯಾಚ್ಯಾಶೀ.” ನಾನು ಮಾತಾಡುತ್ತೇನೆ ಅವನ ಜೊತೆ.

ಮೂರು ವಾರ ವಾರ್ಡಿನಲ್ಲಿದ್ದೆ. ಹಿರಿಯರು ಬರಲಿಲ್ಲ. ‘ನಿನಗಾಗಿ ಉಪವಾಸವಿದ್ದೇನೆ’ ಎಂದು ಹೇಳಿಕಳಿಸಿದರು. ಅವರ ಉಪವಾಸಕ್ಕೆ ನನ್ನ ಎಡಗಣ್ಣು ಸಾಕ್ಷಿ. ಆ ಕಾಯಿಲೆಯಲ್ಲಿ ಕಣ್ಣುಗುಡ್ಡೆ ಮುಂದೆ ಬರುತ್ತದೆ. ಗುಳಿಗೆ ಬಿಡದೆ ನುಂಗಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ ಎಂದರು ಡಾಕ್ಟರು. ಎಡಗಣ್ಣು ಇಂದಿಗೂ ಪೂರ್ತಿ ಮುಚ್ಚುವುದಿಲ್ಲ. ನಿದ್ದೆಯಲ್ಲೂ ನಾನು ಹಿರಿಯರನ್ನು ನೋಡುತ್ತಲೇ ಇರುತ್ತೇನೆ.

ವಾರ್ಡಿಗೆ ಬಂದಾಗೆಲ್ಲ ಅಪ್ಪ ದೂರದಲ್ಲಿ, ಮಂಚದ ಕಾಲಕಡೆ ನಿಲ್ಲುತ್ತಿದ್ದ. ಕಿವುಡರ ಹಾಗೆ ದೊಡ್ಡ ದನಿಯಲ್ಲಿ ಎರಡು ಮಾತಾಡಿ ಹೋಗುತ್ತಿದ್ದ. ಎರಡನೇ ವಾರದ ಒಂದು ಮಧ್ಯಾಹ್ನ ಸ್ಟೂಲು ಎಳೆದುಕೊಂಡು ನನ್ನ ತಲೆಯ ಹತ್ತಿರ ಕೂತ. ನಾನು ಕೇಳಿದೆ, ಅವನ ಒಳ್ಳೆಯ ಕಿವಿಗೆ ಬಾಯಿ ಹಚ್ಚಿ: “ಅಪ್ಪಾ, ಅಷ್ಟು ಮಗ್ಗ ಒಮ್ಮೆಲೇ ಬಡೀತಿರ್ತಾವು. ಆ ಸಪ್ಪಳದಾಗ ಯಾರ ಮಾತು ಹೆಂಗ ಕೇಳಿಸ್ತೈತಿ ನಿಮಗ?”

ಅಪ್ಪ ನಕ್ಕ. “ಕೇಳಸೂದಿಲ್ಲ ಯವ್ವಾ. ಒದರಿದ್ದು ಯಾವುದೂ ಕೇಳಸೂದಿಲ್ಲ. ಸಾಹೇಬ ರೌಂಡಿಗೆ ಬಂದಾಗ ನಮ್ಮ ಮ್ಯಾಲಿನ ಮುಕಾದಮ ಅಲ್ಲಿ ನಿಂತು ಕೈ ಬೀಸಿ ಬೀಸಿ ಒದರ್ತಾನ. ಅದು ನಮಗಲ್ಲ, ಸಾಹೇಬಗ. ನಾವು ತಲೀನೂ ಎತ್ತೂದಿಲ್ಲ.”

“ಮತ್ತ ಕೆಲಸದ ಮಾತು ಇದ್ರ?”

“ಕೆಲಸದ ಮಾತು ಇದ್ದಾಂವ ಹಂತೇಕ ಬರ್ತಾನ. ನಿನ್ನ ಮಗ್ಗದ ತನಕ ನಡಕೊಂಡು ಬಂದು, ಹೆಗಲಮ್ಯಾಲೆ ಕೈ ಇಟ್ಟು, ಕಿವಿಯಾಗ ಹೇಳ್ತಾನ. ‘ಎಳಿ ಹರದೈತಿ, ನೋಡು.’ ಇಷ್ಟ. ಇದರಕಿಂತ ಉದ್ದ ಯಾರೂ ಮಾತಾಡೂದಿಲ್ಲ ಅಲ್ಲಿ. ಮೊದಲ ನೀ ಮಗ್ಗ ನಿಲ್ಲಸಬೇಕು, ಆಮ್ಯಾಲೆ ಕೇಳತೈತಿ.” ಸ್ಟೂಲನ್ನು ಇನ್ನೂ ಹತ್ತಿರ ಎಳೆದುಕೊಂಡ. ಆಮೇಲೆ ನನ್ನ ಕಿವಿಯಲ್ಲೇ ಅಂದ: “ಆ ದಿನ ನಾ ಗುಳಿಗಿ ಬಿಡಬ್ಯಾಡ ಅನಬೇಕಿತ್ತು. ಅನಲಿಲ್ಲ. ನನ್ನ ತಪ್ಪಾತು.”

ಅಪ್ಪ ಹೋದ ಮೇಲೆ ನಾನು ನಲ್ಲಿಯ ಮಾತನ್ನು ನೆನೆಸಿಕೊಂಡೆ. ನಲವತ್ತು ದಿನ ಯಾರೋ ನನ್ನ ಮಗ್ಗದ ತನಕ ನಡೆದು ಬಂದು ಎಳೆ ಹರಿದಿದೆ ನೋಡು ಎಂದಿದ್ದರು. ನಾನು ಅವರನ್ನು ಸೈತಾನ ಎಂದು ಬೈದು ಕಳಿಸಿದ್ದೆ. ಒದರುತ್ತಿದ್ದ ಮುಕಾದಮನ ಕಡೆಗೆ ಕಿವಿ ಕೊಟ್ಟಿದ್ದೆ. ನಮ್ಮ ವೇದಪುಸ್ತಕ ಬೈಬಲ್ಲಿನಲ್ಲಿ ಪ್ರಾಣಭಯದಿಂದ ಅಡವಿಗೆ ಓಡಿಹೋಗಿ ಸಾಯಬೇಕೆಂದು ಮಲಗಿದ ಪ್ರವಾದಿಯೊಬ್ಬನಿದ್ದಾನೆ. ದೇವರು ಅವನಿಗೆ ಮೊದಲು ಕಳಿಸಿದ್ದು ಪ್ರಸಂಗವನ್ನಲ್ಲ, ರೊಟ್ಟಿ ಮತ್ತು ನೀರನ್ನು. ಭಾನುವಾರ ಶಾಲೆಯಲ್ಲಿ ನೂರು ಸಲ ಕೇಳಿದ ಕಥೆ. ಆ ಮಧ್ಯಾಹ್ನ ನರ್ಸ್ ಗುಳಿಗೆ ಮತ್ತು ನೀರು ಹಿಡಿದು ಬಂದಾಗ ಅದು ಮೊದಲ ಸಲ ಅರ್ಥವಾಯಿತು.

ಅಂದಿನಿಂದ ಹೆದರಿಕೆಯೇ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗ್ರಂಥಿ ದಾರಿಗೆ ಬಂದ ಮೇಲೂ ಹೆದರುವ ಚಾಳಿ ಮೈಯಲ್ಲಿ ಉಳಿದಿತ್ತು. ಈಗಲೂ ಉಳಿದಿದೆ. ಆದರೆ ಎರಡು ಧ್ವನಿಗಳ ಗುರುತು ಸಿಕ್ಕಿತು. ಹೆದರಿಕೆ ಬರುವ ವರ್ಷದ ಮಾತಾಡುತ್ತದೆ, ಉದ್ದುದ್ದ ಮಾತಾಡುತ್ತದೆ, ಉತ್ತರ ಕೊಟ್ಟರೆ ವಾದಕ್ಕೆ ನಿಲ್ಲುತ್ತದೆ. ಇನ್ನೊಂದು ಈಗ ಮಾಡಬೇಕಾದ ಒಂದು ಕೆಲಸ ಹೇಳಿ ಸುಮ್ಮನಾಗುತ್ತದೆ. ಕೊಡೆ ತಗೊ. ಮಾವಶಿಗೆ ಜ್ವರ, ಗಂಜಿ ಕೊಟ್ಟು ಬಾ. ನಾನು ಮಾಡಿದ ಮೇಲೆಯೇ ಅದು ದೇವರ ಮಾತೆಂದು ಗೊತ್ತಾಗುತ್ತಿತ್ತು. ಮೊದಲೇ ಅಲ್ಲ. ಕೆಲವು ಸಲ ತಪ್ಪೂ ಆಯಿತು. ಕೊಡೆ ಹಿಡಿದು ಹೋದ ದಿನ ಬಿಸಿಲು ಬಿದ್ದಿತು. ನಕ್ಕು ಮನೆಗೆ ಬಂದೆ.

ವಾರ್ಡಿನಿಂದ ಬಂದ ದಿನವೇ ಅಪ್ಪ ಫೋಟೋವನ್ನು ಮತ್ತೆ ತೂಗುಹಾಕಿದ್ದ, ಅದೇ ಮೊಳೆಗೆ.

ಎರಡು ವರ್ಷ ಗುಳಿಗೆ ನುಂಗಿ ನಾನು ನೆಟ್ಟಗಾದೆ. ಕಚೇರಿಯಲ್ಲಿ ಅಕ್ಷರ ಒಂದೊಂದೇ ಬೀಳತೊಡಗಿತು. ಆಗ ಬಂದರು ಹಿರಿಯರು, ನಮ್ಮ ಖೋಲಿಗೆ. ಗೋಡೆಯ ಮೇಲಿನ ಫೋಟೋ ನೋಡಿದರು. ಕುರ್ಚಿಯಲ್ಲಿ ಕೂತರು.

“ನೋಡವಾ ಶಾಂತಾ, ನಲವತ್ತು ದಿನದ ಉಪವಾಸದ ಫಲ ಈಗ ಎಲ್ಲಾರ ಕಣ್ಣಿಗೆ ಕಾಣಲಿಕ್ಕತ್ತದ. ಸುಗ್ಗಿ ಹಬ್ಬದ ದಿವಸ ನೀ ಮುಂದ ಬಂದು ಸಾಕ್ಷಿ ಹೇಳಬೇಕು. ಪ್ರಾರ್ಥನಾದಿಂದ ಹೆಂಗ ವಾಸಿ ಆತು ಅಂತ.”

“ದವಾಖಾನಿ ಗುಳಿಗಿಯಿಂದ ಅಲ್ರೀ?” ಎಂದಳು ಅವ್ವ, ಒಲೆಯ ಕಡೆಯಿಂದ. ಅವ್ವ ಹಿರಿಯರಿಗೆ ಎದುರು ಮಾತಾಡಿದ್ದು ಅದೇ ಮೊದಲು.

“ಗುಳಿಗಿ ಎಲ್ಲಾರೂ ನುಂಗ್ತಾರವಾ, ಎಲ್ಲಾರೂ ಉಳೀತಾರೇನು?” ಹಿರಿಯರು ನಕ್ಕು ನನ್ನ ಕಡೆ ತಿರುಗಿದರು. “ಮತ್ತ ಮಾರ್ಥಾನೂ ಕೇಳಬೇಕಾಗೇದ. ಆಕೀಗೆ ಸೂಜಿ ಬಿಡು ಅಂತ ದೇವರು ಹೇಳಲಿಕ್ಕತ್ತಾನ. ಆಕಿ ಹಿಂದ ಮುಂದ ನೋಡಲಿಕ್ಕತ್ತಾಳ. ನಿನ್ನ ಸಾಕ್ಷಿ ಕೇಳಿದ್ರ ಧೈರ್ಯ ಬರ್ತದ.”

ಮಾರ್ಥಾ ನಮ್ಮ ಸಭೆಯ ಎಳೆಯ ಸೊಸೆ, ಇಪ್ಪತ್ತೊಂದು ವರ್ಷ, ಸೊಂಟದಲ್ಲಿ ಕೂಸು. ಕ್ಷಯ. ದಿನಾ ಮುನ್ಸಿಪಾಲ್ಟಿ ದವಾಖಾನೆಯಲ್ಲಿ ಸಾಲು ನಿಂತು ಸೂಜಿ ಹಾಕಿಸಿಕೊಳ್ಳುತ್ತಿದ್ದಳು. ಅವಳ ಅತ್ತೆಗೆ ಹಿರಿಯರ ಮಾತೆಂದರೆ ಮುಗಿಯಿತು.

“ಬರ್ತೀನ್ರಿ,” ಎಂದೆ. “ಖಂಡಿತ ಸಾಕ್ಷಿ ಹೇಳ್ತೀನಿ.”

ಇಲ್ಲಿ ನಿಜ ಬರೆಯಬೇಕು. ಆ ಕ್ಷಣ ನನಗೆ ಮಾರ್ಥಾಳ ಚಿಂತೆ ಬರಲಿಲ್ಲ. ಸಂತೋಷವಾಯಿತು. ಇಡೀ ಸಭೆ ಸೇರುತ್ತದೆ, ಪಾದ್ರಿಗಳು ಇರುತ್ತಾರೆ, ಮೈಕು ಇರುತ್ತದೆ. ಹಿರಿಯರು ಮೊದಲ ಸಾಲಿನಲ್ಲಿ ಕೂತಿರುತ್ತಾರೆ. ಮಾರ್ಥಾ ನನಗೆ ಸಿಕ್ಕ ಒಳ್ಳೆಯ ಉದಾಹರಣೆಯಾದಳು, ಅಷ್ಟೇ. ನಾಲ್ಕು ಹಾಳೆ ಬರೆದೆ. ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡಿದೆ. ಅಣುಬಾಂಬಿನ ನೀರು, ಗೌನು, ಎರಡನೇ ಕಪ್ ಚಹಾ, ನನ್ನ ಕಣ್ಣು, ಒಂದನ್ನೂ ಬಿಡಲಿಲ್ಲ. ಕಡೆಯ ವಾಕ್ಯವನ್ನು ಬೇಕೆಂದೇ ಅವರ ಕನ್ನಡದಲ್ಲಿ ಬರೆದಿದ್ದೆ: ‘ನೀನು ದೇವರ ಹೆಸರಿನಲ್ಲಿ ಸುಳ್ಳಾಡಿದವನೆಂದು ಈ ಸಭೆಯು ತಿಳಿದುಕೊಳ್ಳುವದು.’ ಆ ‘ವದು’ವನ್ನು ಒತ್ತಿ ಹೇಳುವುದನ್ನು ಎಷ್ಟು ಸಲ ಅಭ್ಯಾಸ ಮಾಡಿದೆನೋ.

ಸುಗ್ಗಿ ಹಬ್ಬದ ಭಾನುವಾರ ಹಾಲಿನ ಮುಂದೆ ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ, ಯಾರೋ ತಂದ ಬ್ರೆಡ್ಡು, ಎಲ್ಲ ಹರಾಜಿಗೆಂದು ಜೋಡಿಸಿಟ್ಟಿದ್ದರು. ಮುಂಬಯಿಯಲ್ಲಿ ಹೊಲವಿಲ್ಲದವರ ಸುಗ್ಗಿ ಅದು. ಹಿರಿಯರು ಮೈಕಿನಲ್ಲಿ ನನ್ನ ಹೆಸರು ಕೂಗಿದರು. “ನಮ್ಮ ಪದವೀಧರ ತಂಗಿ!” ಎಂದೂ ಸೇರಿಸಿದರು.

ಎದ್ದು ಹೋದೆ. ಹಾಳೆ ಬಿಡಿಸಿದೆ. ಹಾಳೆ ಪಟಪಟ ಹೊಡೆದುಕೊಳ್ಳತೊಡಗಿತು. ಈ ಸಲ ಗ್ರಂಥಿಯದಲ್ಲ. ಕಣ್ಣೆತ್ತಿದರೆ ಮೂರನೆಯ ಸಾಲಿನಲ್ಲಿ ಮಾರ್ಥಾ. ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮು ತಡೆಯುತ್ತಿದ್ದಳು. ಪಕ್ಕದಲ್ಲಿ ಅತ್ತೆ, ಈಗಲೇ ಹಲ್ಲೆಲೂಯ ಅನ್ನಲು ಬಾಯಿ ತೆರೆದು ಕೂತಿದ್ದಳು. ಹಿಂದೆ ಕಂಬದ ಹತ್ತಿರ ಅಪ್ಪ ಕೈಯನ್ನು ಕಿವಿಗೆ ಆನಿಸಿಕೊಂಡು ನಿಂತಿದ್ದ. ಮೈಕಿದ್ದರೂ ಅವನಿಗೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಲ್ಲಿಯ ಧ್ವನಿ ಬಂತು.

‘ಹಂತೇಕ ಹೋಗು.’

ಈಗಲಾ? ಎಂದೆ ಮನಸ್ಸಿನಲ್ಲೇ. ನಾಲ್ಕು ಹಾಳೆ ಬರೆದಿದ್ದೀನಿ. ಎರಡು ವರ್ಷ ಕಾದಿದ್ದೀನಿ. ನನ್ನ ಕಣ್ಣು ನೋಡು.

ಅದು ವಾದಕ್ಕೆ ನಿಲ್ಲಲಿಲ್ಲ. ಹೇಳಿದ್ದನ್ನು ಹೇಳಿ ಸುಮ್ಮನಾಗಿತ್ತು. ಹಾಳೆಯ ಕಡೆಯ ವಾಕ್ಯದ ಮೇಲೆ ನನ್ನ ಕಣ್ಣು ಬಿತ್ತು. ‘ತಿಳಿದುಕೊಳ್ಳುವದು.’ ಮೈಕಿನ ಮುಂದೆ ನಿಂತು ಸಾಹೇಬನಿಗೆ ಕೇಳಲೆಂದು ಕೈ ಬೀಸುವ ಮುಕಾದಮ ಈಗ ನಾನಾಗಿದ್ದೆ. ನಾನು ಒದರಿದರೆ ಹಿರಿಯರೂ ಒದರುತ್ತಾರೆ, ಸೈತಾನ ಮಾತಾಡುತ್ತಿದ್ದಾನೆ ಅನ್ನುತ್ತಾರೆ, ಮಾರ್ಥಾಳ ಅತ್ತೆ ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋಗುತ್ತಾಳೆ. ಆ ಗದ್ದಲದಲ್ಲಿ ಮಾರ್ಥಾಗೆ ಏನೂ ಕೇಳಿಸುವುದಿಲ್ಲ.

ಹಾಳೆ ಮಡಚಿದೆ. ಮೆಟ್ಟಿಲಿಳಿದು ಮೂರನೆಯ ಸಾಲಿಗೆ ಹೋದೆ. “ಒಂದೀಟು ಸರೀರಿ,” ಎಂದು ಅತ್ತೆಗೆ ಹೇಳಿ ನಡುವೆ ಕೂತೆ. ಮಾರ್ಥಾಳ ಹೆಗಲ ಮೇಲೆ ಕೈ ಇಟ್ಟು ಕಿವಿಯಲ್ಲಿ ಹೇಳಿದೆ:

“ನಾ ಗುಳಿಗಿ ನುಂಗೇ ಉಳದೇನಿ. ಬಿಟ್ಟಾಗ ಸಾಯಾಕ ಬಿದ್ದಿದ್ದೆ, ನನ್ನ ಕಣ್ಣು ನೋಡು. ಸೂಜಿ ಬಿಡಬ್ಯಾಡ. ನಾಳಿ ಮುಂಜಾನೆ ನಿನ್ನ ಸಂಗಾಟ ನಾ ಬರ್ತೀನಿ.”

ಅವಳು ನನ್ನ ಎಡಗಣ್ಣನ್ನೇ ನೋಡಿದಳು, ಬಹಳ ಹೊತ್ತು. “ಎಷ್ಟಕ್ಕ ಬರ್ತೀರಿ ಅಕ್ಕಾ?” ಎಂದು ಪಿಸುಗುಟ್ಟಿದಳು.

ಹಿರಿಯರು ಮೈಕು ಹಿಡಿದು, “ಎಲ್ಲಾರಿಗೂ ಕೇಳೋ ಹಂಗ ಹೇಳವಾ,” ಎಂದರು, ನಗುತ್ತಲೇ.

ಕೂತಲ್ಲಿಂದಲೇ ಅಂದೆ: “ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳೀನ್ರಿ. ನಿಮಗ ದೇವರು ಹೇಳ್ತಾನಲ್ಲ, ಅವನ್ನ ಕೇಳ್ರಿ ನಾ ಏನಂದೆ ಅಂತ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದು ಹರಡಿತು. ಹಿರಿಯರ ಮುಖ ನಾನು ನೋಡಿದೆ, ಚೆನ್ನಾಗಿ ನೋಡಿದೆ, ಎರಡೂ ಕಣ್ಣಿನಿಂದ. ಅವರು ಅವಸರವಾಗಿ ಹಾಡು ಎತ್ತಿದರು, ಶ್ರುತಿ ಹತ್ತಲಿಲ್ಲ. ಆ ನಗು ಎಬ್ಬಿಸೆಂದು ದೇವರು ನನಗೆ ಹೇಳಿರಲಿಲ್ಲ. ಆ ಮಾತು ನನ್ನದೇ. ಅದಕ್ಕೆ ಆಗ ಕ್ಷಮೆ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಮರುದಿನ ಏಳಕ್ಕೆ ಮಾರ್ಥಾಳ ಜೊತೆ ಸಾಲಿನಲ್ಲಿ ನಿಂತೆ. ಅತ್ತೆ ತಡೆದಾಗೆಲ್ಲ ಹೋಗಿ ನಿಂತೆ. ಕೊನೆಗೆ ಅತ್ತೆಯೇ ಕೂಸನ್ನು ಎತ್ತಿಕೊಂಡು ಸಾಲಿಗೆ ಬರತೊಡಗಿದಳು. ಆ ಕೂಸು ಈಗ ಬಾಲವಾಡಿಗೆ ಹೋಗುತ್ತದೆ. ಮಾರ್ಥಾ ದಪ್ಪಗಾಗಿದ್ದಾಳೆ.

ಹಿರಿಯರು ಬೇರೆ ಸಭೆ ಕಟ್ಟಿಕೊಂಡಿದ್ದಾರಂತೆ. ಅಲ್ಲಿಯೂ ದೇವರು ಅವರಿಗೆ ಹಳೆಯ ಕನ್ನಡದಲ್ಲೇ ಹೇಳುತ್ತಾನಂತೆ. ಅದಕ್ಕೇ ಆ ನಾಲ್ಕು ಹಾಳೆಗಳನ್ನು ಹರಿಯದೆ ಇಟ್ಟುಕೊಂಡಿದ್ದೆ. ಅದರಲ್ಲಿದ್ದದ್ದೆಲ್ಲ ಈಗ ಇಲ್ಲಿ ಬಂದಿದೆ, ಆ ಒಂದು ವಾಕ್ಯದ ಕನ್ನಡ ಬಿಟ್ಟು. ಅವರ ಸಭೆಯಲ್ಲಿ ಗುಳಿಗೆ ಬಾಟಲಿಯನ್ನು ಅಕ್ಕಿಡಬ್ಬಿಯ ಹಿಂದೆ ಇಟ್ಟವರು ಯಾರಾದರೂ ಇದ್ದರೆ, ಇದನ್ನು ನಿಮ್ಮ ಕಿವಿಯ ಹತ್ತಿರ ಬಂದೇ ಹೇಳುತ್ತಿದ್ದೇನೆ ಎಂದುಕೊಳ್ಳಿ. ಏಳಿ, ತೆಗೆದು ನುಂಗಿ.

ಪಾದ್ರಿಗಳು ಸಿಕ್ಕಾಗಲೆಲ್ಲ ಕೇಳುತ್ತಾರೆ, ಹಿರಿಯರನ್ನು ಕ್ಷಮಿಸಿದೆಯಾ ತಂಗಿ, ಎಂದು. ಅದರ ಬಗ್ಗೆ ದೇವರು ನನಗೆ ಇನ್ನೂ ಏನೂ ಹೇಳಿಲ್ಲ ಅನ್ನುತ್ತೇನೆ. ಅದು ಪೂರ್ತಿ ನಿಜವಲ್ಲ. ಅವನು ಹಂತೇಕ ಬಂದು ನಿಂತಿರಬಹುದು, ಹೆಗಲ ಮೇಲೆ ಕೈಯನ್ನೂ ಇಟ್ಟಿರಬಹುದು. ನಾನೇ ಇನ್ನೂ ಮಗ್ಗ ನಿಲ್ಲಿಸಿಲ್ಲ.